ಪಶ್ಚಿಮಕ್ಕೆ ಹೋದ ಪೂರ್ವಜನ ಜಾಡು: ಬಂಡಿ ಆಮೇಲೆ, ಮೊದಲು ಜಮೀನಿನ ಕಡತ

ಅಮೆರಿಕದ ಪಶ್ಚಿಮಕ್ಕೆ ವಲಸೆ ಹೋದ ಮುತ್ತಜ್ಜನನ್ನು ಹುಡುಕಲು ಹೊರಟವರೆಲ್ಲ ಮೊದಲು ಕೇಳುವುದು ಆತ ಯಾವ ಬಂಡಿ ಸಾಲಿನಲ್ಲಿ ಹೋದ ಅಂತ. ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. 1840ರ ದಶಕದಿಂದ 1869ರವರೆಗೆ ಆರೆಗನ್, ಕ್ಯಾಲಿಫೋರ್ನಿಯಾ, ಯೂಟಾ ಕಡೆಗೆ ನೆಲದ ದಾರಿಯಲ್ಲಿ ಹೋದವರು ಮೂರರಿಂದ ನಾಲ್ಕು ಲಕ್ಷ ಎಂಬ ಅಂದಾಜಿದೆ. ಅಷ್ಟು ಜನರ ಹೆಸರನ್ನು ಯಾವ ಸರ್ಕಾರವೂ ಬರೆದಿಡಲಿಲ್ಲ. 1820ರಿಂದ ಈಚೆಗೆ ಹಡಗಿನಲ್ಲಿ ಬಂದಿಳಿದವರಿಗೆ ಪ್ರಯಾಣಿಕರ ಪಟ್ಟಿ ಇದೆ, ಮಿಸ್ಸೌರಿ ನದಿ ದಾಟಿ ಪಶ್ಚಿಮಕ್ಕೆ ಹೋದವರಿಗೆ ಅಂಥದ್ದೇನೂ ಇಲ್ಲ. ಮನುಷ್ಯ ಜಂಗಮನಾಗಿದ್ದಷ್ಟು ದಿನ ಆತನ ಹೆಸರು ಯಾವ ಪುಸ್ತಕಕ್ಕೂ ಏರುವುದಿಲ್ಲ. ಎಲ್ಲೋ ಒಂದು ಕಡೆ ಸ್ಥಾವರವಾಗಿ ಕೂತ ಕೂಡಲೇ ತೆರಿಗೆಯವರು, ಗಣತಿಯವರು, ಜಮೀನು ಕಚೇರಿಯವರು, ಪಾದ್ರಿ, ಪತ್ರಿಕೆ ಎಲ್ಲರೂ ಬರೆಯಲು ಶುರು ಮಾಡುತ್ತಾರೆ. ಆದ್ದರಿಂದ ಆತ ನಿಂತ ಜಾಗಗಳನ್ನು ಮೊದಲು ಗುರುತು ಹಾಕಿಕೊಳ್ಳಬೇಕು. ನಡುವಿನ ದಾರಿ ಆಗ ತಾನಾಗಿ ಕಾಣುತ್ತದೆ.

ಹುಡುಕಾಟ ಸಾವಿನಿಂದ ಶುರುವಾಗಿ ಹಿಂದಕ್ಕೆ ಹೋಗಬೇಕು. ಪಶ್ಚಿಮದ ರಾಜ್ಯಗಳಲ್ಲಿ ರಾಜ್ಯಮಟ್ಟದ ಮರಣ ನೋಂದಣಿ ತಡವಾಗಿ ಬಂತು: ಆರೆಗನ್ 1903, ಕ್ಯಾಲಿಫೋರ್ನಿಯಾ 1905, ವಾಷಿಂಗ್ಟನ್ 1907, ಕಾನ್ಸಾಸ್ 1911. ಅದಕ್ಕೂ ಮೊದಲು ತೀರಿಕೊಂಡಿದ್ದರೆ ಕೌಂಟಿಯ (ರಾಜ್ಯದೊಳಗಿನ ಜಿಲ್ಲೆಯಂಥ ವಿಭಾಗ) ರಿಜಿಸ್ಟರು, ಚರ್ಚಿನ ಪುಸ್ತಕ, ಪತ್ರಿಕೆ, ಸಮಾಧಿಕಲ್ಲು ಇಷ್ಟೇ ಗತಿ. ಮರಣ ಪ್ರಮಾಣಪತ್ರ ಸಿಕ್ಕರೂ ಅದನ್ನು ಎರಡು ಭಾಗವಾಗಿ ಓದಿ. ಸತ್ತ ದಿನ, ಕಾರಣ, ಹೂತ ಜಾಗ ಇವನ್ನು ಬರೆಸಿದವರು ಎದುರಿಗೇ ಇದ್ದವರು, ಅದನ್ನು ನಂಬಬಹುದು. ಹುಟ್ಟಿದ ಊರು, ತಂದೆತಾಯಿಯ ಹೆಸರು ಇವನ್ನು ಹೇಳಿದ್ದು ಮಗನೋ ಅಳಿಯನೋ. ಎಪ್ಪತ್ತು ಎಂಬತ್ತು ವರ್ಷ ಹಿಂದಿನ, ತಾನು ನೋಡಿಯೇ ಇರದ ಸಂಗತಿಯನ್ನು ಆತ ಕೇಳಿದ ನೆನಪಿನಿಂದ ಹೇಳಿದ್ದಾನೆ. ಮಾಹಿತಿ ಕೊಟ್ಟವರ ಹೆಸರಿನ ಸಾಲನ್ನು ನೋಡದೆ ಆ ಕಾಗದವನ್ನು ಕೆಳಗಿಡಬೇಡಿ.

ಪತ್ರಿಕೆಯ ನಿಧನ ವಾರ್ತೆ ಇದಕ್ಕಿಂತ ಹೆಚ್ಚು ಕೊಡುವುದುಂಟು. ಯಾವ ವರ್ಷ ಈ ಕೌಂಟಿಗೆ ಬಂದರು, ಅದಕ್ಕೆ ಮೊದಲು ಎಲ್ಲಿದ್ದರು ಎಂಬ ಎರಡು ಸಾಲು ಅಂದಿನ ಪತ್ರಿಕೆಗಳಲ್ಲಿ ರೂಢಿ. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕ್ರಾನಿಕ್ಲಿಂಗ್ ಅಮೆರಿಕಾ ಸಂಗ್ರಹದಲ್ಲಿ ಹಳೆಯ ಪತ್ರಿಕೆಗಳನ್ನು ಪುಕ್ಕಟೆ ಹುಡುಕಬಹುದು. ಸತ್ತ ಊರಿನ ಪತ್ರಿಕೆ ನೋಡಿ ಅಷ್ಟಕ್ಕೇ ಬಿಡುವವರೇ ಹೆಚ್ಚು. ಬಿಟ್ಟು ಬಂದ ಊರಿನ ಪತ್ರಿಕೆಯನ್ನೂ ಅದೇ ವಾರ, ಮುಂದಿನ ವಾರ ನೋಡಿ. ಅಲ್ಲಿ ಉಳಿದ ಅಣ್ಣತಮ್ಮಂದಿರು ಸುದ್ದಿ ಹಾಕಿಸಿದ್ದರೆ ಪೂರ್ವ ಪಶ್ಚಿಮ ಎರಡೂ ತುದಿ ಒಂದೇ ಸಾಲಿನಲ್ಲಿ ಗಂಟು ಬೀಳುತ್ತವೆ.

ಗಣತಿ: ಮಕ್ಕಳ ಜನ್ಮಸ್ಥಳವೇ ನಕ್ಷೆ

ಫೆಡರಲ್ ಜನಗಣತಿ 1790ರಿಂದ ಹತ್ತು ವರ್ಷಕ್ಕೊಮ್ಮೆ ನಡೆದಿದೆ. 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ, ಉಳಿದವರು ವಯಸ್ಸಿನ ಕಾಲಂಗಳಲ್ಲಿ ಬರೀ ಎಣಿಕೆ. 1850ರಿಂದ ಮನೆಯ ಪ್ರತಿ ಸ್ವತಂತ್ರ ವ್ಯಕ್ತಿಯ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಬರುತ್ತವೆ. ಗುಲಾಮರಾಗಿದ್ದವರಿಗೆ ಆ ಗೌರವ ಸಿಕ್ಕಿದ್ದು 1870ರಲ್ಲಿ. 1880ರಲ್ಲಿ ಯಜಮಾನನಿಗೆ ಏನಾಗಬೇಕು ಎಂಬುದು ಮತ್ತು ತಂದೆತಾಯಿ ಹುಟ್ಟಿದ ಸ್ಥಳ ಸೇರಿದವು. 1900ರಲ್ಲಿ ಹುಟ್ಟಿದ ತಿಂಗಳು ವರ್ಷ, ಮದುವೆಯಾಗಿ ಎಷ್ಟು ವರ್ಷ, ತಾಯಿ ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂಬ ಕಾಲಂಗಳು. ಹೆಸರಿರುವ ಪುಟಗಳು 72 ವರ್ಷ ಮುಚ್ಚಿರುತ್ತವೆ. 1950ರದು ತೆರೆದದ್ದು 2022ರ ಏಪ್ರಿಲ್ 1ರಂದು.

ಒಂದು ಮನೆಯನ್ನು ಹತ್ತಿರದಿಂದ ನೋಡೋಣ, ಕಲ್ಪಿಸಿಕೊಂಡದ್ದೇ ಆದರೂ ಮಾದರಿ ದಿನಾ ಸಿಗುವಂಥದ್ದು. 1880, ನೆಬ್ರಾಸ್ಕಾ. ಗಂಡ 46, ಹುಟ್ಟಿದ್ದು ಓಹಾಯೊ. ಹೆಂಡತಿ 41, ಇಂಡಿಯಾನಾ. ಮಕ್ಕಳು: 20 ಇಂಡಿಯಾನಾ, 17 ಇಂಡಿಯಾನಾ, 13 ಅಯೋವಾ, 9 ಅಯೋವಾ, 5 ನೆಬ್ರಾಸ್ಕಾ. ಗಂಡ ಒಂಟಿಯಾಗಿಯೋ ತಂದೆತಾಯಿ ಜೊತೆಗೋ ಇಂಡಿಯಾನಾಕ್ಕೆ ಬಂದ, ಹೆಂಡತಿ ಅಲ್ಲಿಯವಳು, ಮದುವೆ 1859ರ ಆಸುಪಾಸು ಅಲ್ಲಿಯ ಒಂದು ಕೌಂಟಿಯಲ್ಲಿ. 1863 ಮತ್ತು 1867ರ ನಡುವೆ ಅಯೋವಾ, 1871 ಮತ್ತು 1875ರ ನಡುವೆ ನೆಬ್ರಾಸ್ಕಾ. ಅಂದರೆ 1860ರ ಗಣತಿಯನ್ನು ಇಂಡಿಯಾನಾದಲ್ಲೂ 1870ರದನ್ನು ಅಯೋವಾದಲ್ಲೂ ಹುಡುಕಬೇಕು. ಎರಡನೆಯ ಮತ್ತು ಮೂರನೆಯ ಮಗುವಿನ ನಡುವೆ ನಾಲ್ಕು ವರ್ಷದ ಬಿಡುವಿದೆ. ಒಂದು ಮಗು ತೀರಿಕೊಂಡಿರಬಹುದು, ಇಲ್ಲವೇ ಅಪ್ಪ ಅಂತರ್ಯುದ್ಧಕ್ಕೆ ಹೋಗಿರಬಹುದು. ಮೊದಲನೆಯದಕ್ಕೆ ಉತ್ತರ 1900ರ ಗಣತಿಯ ಮಕ್ಕಳ ಲೆಕ್ಕದಲ್ಲಿ, ಎರಡನೆಯದಕ್ಕೆ ಪಿಂಚಣಿ ಸೂಚಿಯಲ್ಲಿ.

1890ರ ಗಣತಿ ಬಹುತೇಕ ಉಳಿದಿಲ್ಲ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆ ಕಟ್ಟಡಕ್ಕೆ ಬೆಂಕಿ ಬಿತ್ತು, ಸುಟ್ಟು ನೆನೆದು ಉಳಿದದ್ದನ್ನೂ ಮುಂದೆ ಸರ್ಕಾರವೇ ನಾಶ ಮಾಡಿತು. ಪಶ್ಚಿಮಕ್ಕೆ ಹೋದವರ ಮಟ್ಟಿಗೆ ಇದು ದೊಡ್ಡ ಪೆಟ್ಟು, ಏಕೆಂದರೆ 1880ರಲ್ಲಿ ಮನೆಯಲ್ಲಿದ್ದ ಮಕ್ಕಳು 1900ರ ಹೊತ್ತಿಗೆ ಬೇರೆ ರಾಜ್ಯದಲ್ಲಿ ಸಂಸಾರಸ್ಥರಾಗಿರುತ್ತಾರೆ. ಈ ಕಂದಕವನ್ನು ರಾಜ್ಯಗಳ ಸ್ವಂತ ಗಣತಿಯಿಂದ ದಾಟಬೇಕು. 1885ರಲ್ಲಿ ನೆಬ್ರಾಸ್ಕಾ, ಕೊಲರಾಡೊ, ಡಕೋಟಾ ಮತ್ತು ನ್ಯೂ ಮೆಕ್ಸಿಕೊ ಪ್ರಾಂತ್ಯಗಳಲ್ಲಿ ಗಣತಿ ಆಯಿತು. ಕಾನ್ಸಾಸಿನ 1875, 1885, 1895ರ ಗಣತಿಗಳಲ್ಲಿ ಕಾನ್ಸಾಸಿಗೆ ಎಲ್ಲಿಂದ ಬಂದಿರಿ ಎಂದು ಕೇಳುವ ಕಾಲಂ ಇದೆ. ಹುಟ್ಟಿದ ರಾಜ್ಯ ಬೇರೆ, ಬಂದ ರಾಜ್ಯ ಬೇರೆ. ಈ ಒಂದು ಕಾಲಂ ನಡುವಿನ ತಂಗುದಾಣವನ್ನು ತೋರಿಸಿಬಿಡುತ್ತದೆ. ಅಯೋವಾದ 1856ರ ಗಣತಿ ರಾಜ್ಯಕ್ಕೆ ಬಂದು ಎಷ್ಟು ವರ್ಷವಾಯಿತು ಎಂದು ಕೇಳಿದೆ.

ಹೆಸರು ಸಿಗದಿದ್ದರೆ ಕುಟುಂಬ ಗಣತಿಯಲ್ಲಿ ಇಲ್ಲ ಎಂದು ತೀರ್ಮಾನಿಸುವ ಮೊದಲು ಸೂಚಿಯನ್ನೇ ಅನುಮಾನಿಸಿ. ಕೈಬರಹದ ಎಸ್ ಮತ್ತು ಎಲ್, ಟಿ ಮತ್ತು ಎಫ್ ಅದಲುಬದಲಾಗುವುದು ಮಾಮೂಲು. ಮನೆತನದ ಹೆಸರನ್ನು ಬಿಟ್ಟು, ಮಗುವಿನ ಅಪರೂಪದ ಮೊದಲ ಹೆಸರು, ವಯಸ್ಸು, ಜನ್ಮರಾಜ್ಯ ಹಾಕಿ ಹುಡುಕಿದರೆ ಬೇಗ ಸಿಗುತ್ತದೆ. ಸಿಕ್ಕಿದ ಮೇಲೆ ಹಿಂದಿನ ಮುಂದಿನ ಎರಡೆರಡು ಪುಟವನ್ನೂ ಓದಿ. ವಲಸೆ ಹೋಗುವಾಗ ಭಾವ, ಷಡ್ಡಕ, ಒಂದೇ ಚರ್ಚಿನವರು, ಪಕ್ಕದ ಹೊಲದವರು ಗುಂಪಾಗಿ ಹೋಗುತ್ತಿದ್ದರು. ನೆಬ್ರಾಸ್ಕಾದ ನೆರೆಯವನೂ ಅದೇ ಓಹಾಯೊದವನಾಗಿದ್ದರೆ, ನಿಮ್ಮವನ ಮೂಲ ಕೌಂಟಿ ಆತನ ದಾಖಲೆಯಲ್ಲಿ ಸಿಕ್ಕೀತು.

ಜಮೀನು: ಹುಡುಕಾಟದ ಗಟ್ಟಿ ನೆಲ

1862ರ ಮೇ 20ರಂದು ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆ 1863ರ ಜನವರಿ 1ರಿಂದ ಜಾರಿಗೆ ಬಂತು. 21 ವರ್ಷ ತುಂಬಿದವರು ಅಥವಾ ಮನೆಯ ಯಜಮಾನರು, ಪ್ರಜೆಗಳು ಇಲ್ಲವೇ ಪ್ರಜೆಯಾಗುವ ಇಚ್ಛೆ ಬರೆದುಕೊಟ್ಟವರು 160 ಎಕರೆಯವರೆಗೆ ಸರ್ಕಾರಿ ಭೂಮಿ ಹಿಡಿಯಬಹುದಿತ್ತು. ಎಲ್ಲ ಸೇರಿ ಶುಲ್ಕ 18 ಡಾಲರ್. ಐದು ವರ್ಷ ಅಲ್ಲೇ ವಾಸವಿದ್ದು ಉಳುಮೆ ಮಾಡಿ, ಏಳು ವರ್ಷದೊಳಗೆ ರುಜುವಾತು ಕೊಡಬೇಕು. ಕಾಯಲಾರದವರು ಆರು ತಿಂಗಳ ಮೇಲೆ ಎಕರೆಗೆ 1.25 ಡಾಲರ್ ಕಟ್ಟಿ ಬಿಡಿಸಿಕೊಳ್ಳಬಹುದಿತ್ತು. ಅವಿವಾಹಿತೆಯರು, ವಿಧವೆಯರು, ಗಂಡ ಬಿಟ್ಟುಹೋದವರು ತಮ್ಮ ಹೆಸರಿನಲ್ಲೇ ಹಿಡಿದ ಜಮೀನುಗಳೂ ಬೇಕಾದಷ್ಟಿವೆ. ಮುತ್ತಜ್ಜಿಯ ತವರಿನ ಹೆಸರನ್ನೂ ಹಾಕಿ ಹುಡುಕಿ.

ಮೊದಲ ಹೆಜ್ಜೆ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟಿನ ಜನರಲ್ ಲ್ಯಾಂಡ್ ಆಫೀಸ್ ದಾಖಲೆಗಳ ಜಾಲತಾಣ. ರಾಜ್ಯ ಮತ್ತು ಮನೆತನದ ಹೆಸರು ಮಾತ್ರ ಕೊಡಿ, ಕೌಂಟಿ ಖಾಲಿ ಬಿಡಿ. ಹಕ್ಕುಪತ್ರದ ಚಿತ್ರ ಸಿಗುತ್ತದೆ, ಪುಕ್ಕಟೆ. ಅನೇಕರು ಆ ಚಿತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಅದರಲ್ಲಿ ಅಧ್ಯಕ್ಷರ ಹೆಸರು ಬಿಟ್ಟರೆ ರಸವತ್ತಾದದ್ದು ಏನೂ ಇಲ್ಲ. ಅಧ್ಯಕ್ಷರ ಸಹಿಯನ್ನು ಹಾಕಿದ್ದೂ ಗುಮಾಸ್ತನೇ. ಹಕ್ಕುಪತ್ರದಿಂದ ತೆಗೆದುಕೊಳ್ಳಬೇಕಾದದ್ದು ಮೂರು: ಜಮೀನು ಕಚೇರಿಯ ಹೆಸರು, ಅಂತಿಮ ಪ್ರಮಾಣಪತ್ರದ ಸಂಖ್ಯೆ, ಜಮೀನಿನ ವಿವರಣೆ. ಇವನ್ನು ಕೊಟ್ಟು ಅಮೆರಿಕ ಸರ್ಕಾರದ ದಾಖಲೆ ಭಂಡಾರವಾದ ನ್ಯಾಷನಲ್ ಆರ್ಕೈವ್ಸ್‌ನಿಂದ ಪೂರ್ತಿ ಕಡತದ ನಕಲು ತರಿಸಿಕೊಳ್ಳಬೇಕು. ಪ್ರಮಾಣಪತ್ರದ ಸಂಖ್ಯೆಯ ಬದಲು ಅರ್ಜಿಯ ಸಂಖ್ಯೆ ಬರೆದು ಕಳಿಸಿದರೆ ಕಡತ ಸಿಗಲಿಲ್ಲ ಎಂಬ ಉತ್ತರ ಬರುವ ಸಂಭವ ಹೆಚ್ಚು. ಎರಡೂ ಸಂಖ್ಯೆ ಹಕ್ಕುಪತ್ರದ ತಲೆಯಲ್ಲೇ ಇರುತ್ತವೆ, ನೋಡಿ ಬರೆಯಿರಿ.

ವಿವರಣೆಯನ್ನು ಹಿಂದಿನಿಂದ ಮುಂದಕ್ಕೆ ಓದಬೇಕು. ಒಂದು ಮಾದರಿ: ವಾಯವ್ಯ ಕಾಲುಭಾಗ, ಸೆಕ್ಷನ್ 14, ಟೌನ್‌ಶಿಪ್ 5 ನಾರ್ತ್, ರೇಂಜ್ 9 ವೆಸ್ಟ್, ಆರನೇ ಪ್ರಿನ್ಸಿಪಲ್ ಮೆರಿಡಿಯನ್. ಮೆರಿಡಿಯನ್ ಎಂದರೆ ಸರ್ವೆಗೆ ಆಧಾರವಾದ ಉತ್ತರ ದಕ್ಷಿಣ ಗೆರೆ. ಆರನೇ ಮೆರಿಡಿಯನ್ನಿನ ಅಡ್ಡಗೆರೆ 40 ಡಿಗ್ರಿ ಉತ್ತರ ಅಕ್ಷಾಂಶ, ಅದೇ ಕಾನ್ಸಾಸ್ ನೆಬ್ರಾಸ್ಕಾ ಗಡಿ. ಒಂದೊಂದು ಟೌನ್‌ಶಿಪ್ 6 ಮೈಲಿ ಉದ್ದ, 6 ಮೈಲಿ ಅಗಲ. ಐದನೆಯದು ಉತ್ತರಕ್ಕೆ ಎಂದರೆ ಗಡಿಯಿಂದ 24ರಿಂದ 30 ಮೈಲಿ ಮೇಲೆ. ಒಂಬತ್ತನೆಯದು ಪಶ್ಚಿಮಕ್ಕೆ ಎಂದರೆ ಮೆರಿಡಿಯನ್ನಿನಿಂದ 48ರಿಂದ 54 ಮೈಲಿ ಆಚೆ. ಆ ಚೌಕದೊಳಗೆ 36 ಸೆಕ್ಷನ್, ಒಂದೊಂದು 640 ಎಕರೆ. ಎಣಿಕೆ ಈಶಾನ್ಯ ಮೂಲೆಯಿಂದ ಶುರು, ಮೊದಲ ಸಾಲು ಪಶ್ಚಿಮಕ್ಕೆ 6ರವರೆಗೆ, 7 ಅದರ ಕೆಳಗೆ, ಅಲ್ಲಿಂದ ಪೂರ್ವಕ್ಕೆ 12ರವರೆಗೆ, ಹೀಗೆ ಎತ್ತು ಉಳುವ ಹಾಗೆ ಹೋಗಿ ಬಂದು 36 ಆಗ್ನೇಯ ಮೂಲೆಯಲ್ಲಿ ಮುಗಿಯುತ್ತದೆ. ಸೆಕ್ಷನ್ನಿನ ಕಾಲುಭಾಗ 160 ಎಕರೆ.

ಈ ಸೆಕ್ಷನ್ ಸಂಖ್ಯೆ ಸುಮ್ಮನೆ ವಿಳಾಸವಲ್ಲ. ರೈಲು ಕಂಪನಿಗಳಿಗೆ ಸರ್ಕಾರ ಕೊಟ್ಟ ಭೂಮಿ ಹಳಿಯ ಎರಡೂ ಬದಿಯ ಬೆಸ ಸಂಖ್ಯೆಯ ಸೆಕ್ಷನ್‌ಗಳು. ನಿಮ್ಮವನ ಹೊಲ 13ರಲ್ಲೋ 15ರಲ್ಲೋ ಇದ್ದು ಹತ್ತಿರ ರೈಲು ಹಾದಿದ್ದರೆ, ಆತ ಕಂಪನಿಯಿಂದ ಕೊಂಡಿರಬೇಕು. ಫೆಡರಲ್ ಸೂಚಿಯಲ್ಲಿ ಆ ಭೂಮಿ ಕಂಪನಿಯ ಹೆಸರಿನಲ್ಲಿರುತ್ತದೆ, ಆತನ ಹೆಸರು ಕೌಂಟಿಯ ಕ್ರಯಪತ್ರಗಳಲ್ಲಿ ಮಾತ್ರ. 16 ಮತ್ತು 36 ಪಶ್ಚಿಮದ ಹೆಚ್ಚಿನ ರಾಜ್ಯಗಳಲ್ಲಿ ಶಾಲೆಗೆ ಮೀಸಲಾದವು, ಅವು ರಾಜ್ಯದ ಮೂಲಕ ಬಂದವು. ರೈಲು ಪಟ್ಟಿಯೊಳಗಿನ ಸಮ ಸೆಕ್ಷನ್‌ನಲ್ಲಿ ಮೊದಮೊದಲು 80 ಎಕರೆಯೇ ಮಿತಿ ಇದ್ದದ್ದರಿಂದ, 80 ಎಕರೆ ಕಂಡರೆ ಆತ ಬಡವ ಅಂತಲೋ ಅರ್ಧ ಮಾರಿದ ಅಂತಲೋ ಕಥೆ ಕಟ್ಟಬೇಡಿ. ಟೆಕ್ಸಾಸ್ ಈ ಲೆಕ್ಕಕ್ಕೇ ಬರುವುದಿಲ್ಲ, ಅಲ್ಲಿನ ಭೂಮಿ ಫೆಡರಲ್ ಸರ್ಕಾರದ್ದಾಗಿರಲಿಲ್ಲ. ಟೆಕ್ಸಾಸಿನದೇ ಜನರಲ್ ಲ್ಯಾಂಡ್ ಆಫೀಸಿನಲ್ಲಿ ಹುಡುಕಬೇಕು.

ಕಡತದಲ್ಲಿ ಏನಿರುತ್ತದೆ? ಅರ್ಜಿ, ಶುಲ್ಕದ ರಸೀದಿ, ಪತ್ರಿಕಾ ನೋಟೀಸು, ಎಲ್ಲಕ್ಕಿಂತ ಮುಖ್ಯವಾಗಿ ಅಂತಿಮ ರುಜುವಾತಿನ ಹೇಳಿಕೆ. ವಯಸ್ಸು, ಹುಟ್ಟಿದ ಸ್ಥಳ, ಮನೆಯಲ್ಲಿ ಎಷ್ಟು ಜನ, ಯಾವ ತಿಂಗಳು ಬಂದು ಸೇರಿದಿರಿ, ಮನೆ ಎಷ್ಟು ಅಡಿಗೆ ಎಷ್ಟು ಅಡಿ, ಹುಲ್ಲುಹೆಂಟೆಯದೋ ಹಲಗೆಯದೋ, ಬಾವಿ ಇದೆಯೇ, ಎಷ್ಟು ಎಕರೆ ಉತ್ತಿದ್ದೀರಿ, ಎಷ್ಟು ಬೆಳೆ ತೆಗೆದಿದ್ದೀರಿ, ನಡುವೆ ಊರು ಬಿಟ್ಟಿದ್ದಿರಾ, ಯಾಕೆ. ಈ ಕೊನೆಯ ಪ್ರಶ್ನೆಗೆ ಕೊಟ್ಟ ಉತ್ತರ ಚಿನ್ನ. ಚಳಿಗಾಲದಲ್ಲಿ ಕೂಲಿಗೆ ಹೋಗಿದ್ದೆ, ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು ಎಂಬಂಥ ಸಂಗತಿಗಳು ಬೇರೆ ಯಾವ ಸರ್ಕಾರಿ ಕಾಗದದಲ್ಲೂ ಬರುವುದಿಲ್ಲ. ನೋಟೀಸಿನಲ್ಲಿ ನಾಲ್ವರು ಸಾಕ್ಷಿಗಳನ್ನು ಹೆಸರಿಸಿ ಇಬ್ಬರಿಂದ ಹೇಳಿಕೆ ಕೊಡಿಸುವುದು ಕ್ರಮ; ಆ ನಾಲ್ವರೂ ನಿಮ್ಮ ನೆರೆಹೊರೆಯ ಪಟ್ಟಿಗೆ ಸೇರಬೇಕು. ವಿದೇಶದಲ್ಲಿ ಹುಟ್ಟಿದವನಾದರೆ ಪೌರತ್ವದ ಕಾಗದದ ನಕಲು, ಯಾವ ನ್ಯಾಯಾಲಯದಲ್ಲಿ ಎಂಬ ವಿವರ ಸಮೇತ. ಮಾಜಿ ಸೈನಿಕನಾದರೆ ಬಿಡುಗಡೆ ಪತ್ರದ ನಕಲು, ಏಕೆಂದರೆ 1872ರ ಕಾನೂನು ಸೇವೆಯ ಅವಧಿಯನ್ನು ಐದು ವರ್ಷದಲ್ಲಿ ಕಳೆಯಲು ಬಿಟ್ಟಿತು.

ಹಕ್ಕುಪತ್ರದ ದಿನಾಂಕವನ್ನೇ ಬಂದ ದಿನಾಂಕ ಎಂದುಕೊಳ್ಳುವುದು ತೀರಾ ಸಾಮಾನ್ಯ ತಪ್ಪು. 1880ರ ಹಕ್ಕುಪತ್ರ ಇದ್ದರೆ ರುಜುವಾತು 1878 ಅಥವಾ 79, ಪ್ರವೇಶ 1873ರ ಆಚೀಚೆ. ಇನ್ನೊಂದು ತೊಡಕು: ಐದು ವರ್ಷ ಬಾಳಲಾರದೆ, ಮಿಡತೆಗೋ ಬರಕ್ಕೋ ಸೋತು ಬಿಟ್ಟುಹೋದವರು ಬಹಳ. ಅವರಿಗೆ ಹಕ್ಕುಪತ್ರವೇ ಇಲ್ಲ, ಆದ್ದರಿಂದ ಜಾಲತಾಣದ ಸೂಚಿಯಲ್ಲಿ ಹೆಸರೂ ಇಲ್ಲ. ಆದರೆ ರದ್ದಾದ ಅರ್ಜಿಯ ಕಡತವೂ ಉಳಿದಿರುತ್ತದೆ. ಅದನ್ನು ತಲುಪುವ ದಾರಿ ಟ್ರ್ಯಾಕ್ಟ್ ಬುಕ್, ಅಂದರೆ ಯಾವ ತುಂಡು ಭೂಮಿಗೆ ಯಾರು ಅರ್ಜಿ ಹಾಕಿದರು ಎಂದು ಜಮೀನು ಕಚೇರಿ ಬರೆದಿಟ್ಟ ಪುಸ್ತಕ. ವಂಶಾವಳಿ ಜಾಲತಾಣ ಫ್ಯಾಮಿಲಿಸರ್ಚ್‌ನಲ್ಲಿ ಪುಟಗಳನ್ನು ನೋಡಬಹುದು. ಹೆಸರಿನಿಂದ ಹುಡುಕಲು ಬಾರದು, ಟೌನ್‌ಶಿಪ್ ರೇಂಜ್ ಗೊತ್ತಿರಬೇಕು. ಗಣತಿಯಲ್ಲಿ ಕಂಡ ನೆರೆಯವರ ಹಕ್ಕುಪತ್ರ ತೆಗೆದು, ಅವರ ಟೌನ್‌ಶಿಪ್ಪಿನ ಪುಟಗಳನ್ನು ಸಾಲುಸಾಲಾಗಿ ಓದುವುದೇ ಉಪಾಯ.

ಆರೆಗನ್‌ಗೆ ಬೇಗ ಹೋದವರದು ಬೇರೆ ಕಾನೂನು. 1850ರ ಡೊನೇಷನ್ ಲ್ಯಾಂಡ್ ಕ್ಲೇಮ್ ಕಾಯ್ದೆ ಆ ವರ್ಷದ ಡಿಸೆಂಬರ್ 1ರೊಳಗೆ ನೆಲೆಸಿದ ಒಂಟಿ ಗಂಡಸಿಗೆ 320 ಎಕರೆ, ದಂಪತಿಗೆ 640 ಎಕರೆ ಕೊಟ್ಟಿತು, ಅದರಲ್ಲಿ ಅರ್ಧ ಹೆಂಡತಿಯ ಹೆಸರಿಗೇ. ಹೆಂಡತಿಯ ಪಾಲಿಗಾಗಿ ಮದುವೆಯನ್ನು ರುಜುವಾತು ಮಾಡಬೇಕಿತ್ತು, ಹಾಗಾಗಿ ಹುಟ್ಟಿದ ವರ್ಷ ಸ್ಥಳ, ಮದುವೆಯ ದಿನಾಂಕ ಸ್ಥಳ, ಆರೆಗನ್ ತಲುಪಿದ ದಿನ ಎಲ್ಲ ಒಂದೇ ಕಡತದಲ್ಲಿ. ಬಂಡಿ ದಾರಿಯವರ ವಂಶ ಹುಡುಕುವವರಿಗೆ ಇಷ್ಟು ಅನುಕೂಲದ ದಾಖಲೆ ಮತ್ತೊಂದಿಲ್ಲ.

ಸೇನಾ ವಾರಂಟಿನ (ಸೈನಿಕ ಸೇವೆಗೆ ಪ್ರತಿಯಾಗಿ ಭೂಮಿ ಪಡೆಯುವ ಚೀಟಿ) ಮೇಲೆ ಕೊಟ್ಟ ಹಕ್ಕುಪತ್ರ ಕಂಡರೆ ಹಿಗ್ಗಬೇಡಿ. 1812ರ ಯುದ್ಧ, ಮೆಕ್ಸಿಕೊ ಯುದ್ಧದ ಸೈನಿಕರು ತಮ್ಮ ವಾರಂಟುಗಳನ್ನು ಬಹುಪಾಲು ಮಾರಿಬಿಟ್ಟರು. ಕಾಗದದಲ್ಲಿ ಸೈನಿಕನ ಹೆಸರೂ ಕೊಂಡವನ ಹೆಸರೂ ಇರುತ್ತವೆ. ನಿಮ್ಮವನು ಯಾರು ಎಂದು ಓದಿ ನೋಡಿ.

ಕೌಂಟಿ ಕಚೇರಿಯಲ್ಲಿ ಕೊಟ್ಟವರ ಸೂಚಿ, ಕೊಂಡವರ ಸೂಚಿ ಎರಡನ್ನೂ ನೋಡಬೇಕು. ಹಳೆಯ ಊರಿನ ಕೊನೆಯ ಕ್ರಯಪತ್ರ ಹೊರಟ ಕಾಲವನ್ನು ಹೇಳುತ್ತದೆ, ಹೆಂಡತಿಯ ಒಪ್ಪಿಗೆ ಬೇಕಾದ್ದರಿಂದ ಆಕೆಯ ಹೆಸರೂ ಅಲ್ಲಿರುತ್ತದೆ. ಹೊಸ ಊರಿನ ಮೊದಲ ಕ್ರಯಪತ್ರದಲ್ಲಿ ಕೊಳ್ಳುವವನು ಎಲ್ಲಿಯವನು ಎಂದು ಕೌಂಟಿ ಸಮೇತ ಬರೆಯುವ ವಾಡಿಕೆ ಇತ್ತು. ಊರಿಗೆ ಬಂದ ಹೊಸತರಲ್ಲಿ ಕೊಂಡಿದ್ದರೆ ಅಲ್ಲಿ ಬರುವುದು ಬಿಟ್ಟುಬಂದ ಕೌಂಟಿಯೇ. ಕೌಂಟಿಗಳು ಒಡೆದು ಹೊಸವಾಗುತ್ತಿದ್ದ ಕಾಲ ಅದು. ಜಮೀನು ಅಲುಗದಿದ್ದರೂ ಕೌಂಟಿ ಬದಲಾಗಿರುತ್ತದೆ, ಹಳೆಯ ಕಾಗದ ತಾಯಿ ಕೌಂಟಿಯಲ್ಲೇ ಉಳಿದಿರುತ್ತದೆ. ಯಾವ ವರ್ಷ ಗಡಿ ಎಲ್ಲಿತ್ತು ಎಂಬುದಕ್ಕೆ ನ್ಯೂಬೆರಿ ಲೈಬ್ರರಿಯ ಕೌಂಟಿ ಗಡಿಗಳ ಐತಿಹಾಸಿಕ ನಕ್ಷೆ ನೋಡಿ.

ಪಿಂಚಣಿ, ಪೌರತ್ವ

ಅಂತರ್ಯುದ್ಧದಲ್ಲಿ ಒಕ್ಕೂಟದ ಪರ ಹೋರಾಡಿದವರ ಪಿಂಚಣಿ ಕಡತ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಸೈನಿಕನದಕ್ಕಿಂತ ವಿಧವೆಯ ಅರ್ಜಿ ದಪ್ಪ: ಮದುವೆಗೆ ಸಾಕ್ಷಿ, ಮಕ್ಕಳ ಹುಟ್ಟಿದ ದಿನ, ಕೆಲವೊಮ್ಮೆ ಮನೆಯ ಬೈಬಲ್ಲಿನಿಂದ ಹರಿದು ಕಳಿಸಿದ ಹಾಳೆ. 1898 ಮತ್ತು 1915ರಲ್ಲಿ ಪಿಂಚಣಿ ಕಚೇರಿಯೇ ಹೆಂಡತಿ ಮಕ್ಕಳ ವಿವರ ಕೇಳಿ ನಮೂನೆ ಕಳಿಸಿತ್ತು. ದಕ್ಷಿಣದ ಪರ ಹೋರಾಡಿದವರಿಗೆ ಪಿಂಚಣಿ ಕೊಟ್ಟದ್ದು ದಕ್ಷಿಣದ ರಾಜ್ಯಗಳು, ಅದೂ ಅರ್ಜಿ ಹಾಕುವಾಗ ವಾಸವಿದ್ದ ರಾಜ್ಯ.

1906ರ ಸೆಪ್ಟೆಂಬರಿಗೆ ಮೊದಲು ಯಾವುದೇ ದಾಖಲೆ ಇಡುವ ನ್ಯಾಯಾಲಯ ಪೌರತ್ವ ಕೊಡಬಹುದಿತ್ತು. ಪ್ರಜೆಯಾಗುವ ಇಚ್ಛೆ ಬರೆದುಕೊಟ್ಟ ಕಾಗದ ಒಂದು ರಾಜ್ಯದಲ್ಲಿ, ಅಂತಿಮ ಕಾಗದ ಇನ್ನೊಂದರಲ್ಲಿ ಇರುವುದು ಸಾಮಾನ್ಯ. ಊರಿನ ಹೆಸರು ಹೆಚ್ಚಾಗಿ ಇರದು, ಬರೀ ದೇಶ ಅಥವಾ ರಾಜನ ಹೆಸರು. ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ಹೆಸರು ಬದಲಿಸಿದರು ಎಂಬ ಮನೆಮಾತನ್ನು ಇಲ್ಲೇ ಬಿಟ್ಟುಬಿಡಿ. ಆ ಠಾಣೆ ತೆರೆದದ್ದೇ 1892ರ ಜನವರಿ 1ರಂದು, ಅಲ್ಲಿನವರು ಹಡಗಿನವರು ಬರೆದುತಂದ ಪಟ್ಟಿ ನೋಡಿ ಹೆಸರು ಕೂಗುತ್ತಿದ್ದರು ಅಷ್ಟೆ.

ಈಗ ಬಂಡಿ

ನಿಂತ ಜಾಗ, ವರ್ಷ ಗೊತ್ತಾದ ಮೇಲೆ ದಾರಿಯ ಲೆಕ್ಕ ಹಾಕಬಹುದು. 1869ರ ಮೇ 10ರಂದು ಯೂಟಾದ ಪ್ರೊಮಾಂಟರಿಯಲ್ಲಿ ಪೂರ್ವದಿಂದಲೂ ಪಶ್ಚಿಮದಿಂದಲೂ ಬಂದ ರೈಲು ಹಳಿಗಳು ಕೂಡಿದವು. ಅದಾದ ಮೇಲೆ ಹೋದವನಾದರೆ ಬಹುಮಟ್ಟಿಗೆ ರೈಲಿನಲ್ಲಿ, ದನ ಕರು ಪೀಠೋಪಕರಣ ಎಲ್ಲ ಒಂದೇ ಸರಕು ಡಬ್ಬಿಗೆ ತುಂಬಿ. ಅದಕ್ಕೆ ಮೊದಲಾದರೆ ಮಿಸ್ಸೌರಿಯ ಇಂಡಿಪೆಂಡೆನ್ಸ್‌ನಿಂದ ಆರೆಗನ್‌ಗೆ ಸುಮಾರು 2,000 ಮೈಲಿ, ದಿನಕ್ಕೆ 15 ಮೈಲಿ, ನಾಲ್ಕರಿಂದ ಆರು ತಿಂಗಳು. ಹುಲ್ಲು ಚಿಗುರುವ ಏಪ್ರಿಲ್ ಕೊನೆಗೆ ಮೊದಲು ಹೊರಟರೆ ಎತ್ತಿಗೆ ಮೇವಿಲ್ಲ, ತಡವಾದರೆ ಬೆಟ್ಟದಲ್ಲಿ ಹಿಮ. 1846ರಲ್ಲಿ ಡಾನರ್ ತಂಡ ಸಿಯೆರಾ ನೆವಾಡಾದಲ್ಲಿ ಸಿಕ್ಕಿಬಿದ್ದದ್ದು ಹಾಗೆಯೇ. ದೊಡ್ಡವರೊಬ್ಬರಿಗೆ 200 ಪೌಂಡ್ ಹಿಟ್ಟು, 150 ಪೌಂಡ್ ಬೇಕನ್, 20 ಪೌಂಡ್ ಸಕ್ಕರೆ, 10 ಪೌಂಡ್ ಕಾಫಿ ಎಂಬುದು ಅಂದಿನ ಅಳತೆ. ನಾಲ್ವರ ಸಂಸಾರಕ್ಕೆ ಬಂಡಿ ಅಷ್ಟಕ್ಕೇ ಬಹುಪಾಲು ತುಂಬಿಹೋಗುತ್ತಿತ್ತು, ಜನ ನಡೆದೇ ಹೋದರು. ಅಜ್ಜಿಯ ಪಿಯಾನೊ ಬಂಡಿಯಲ್ಲಿ ಬಂತು ಎಂಬ ಕಥೆ ಕೇಳಿದರೆ ಈ ತೂಕ ನೆನಪಿರಲಿ.

ಜೊತೆಗಾರರ ದಿನಚರಿಗಳೇ ಇಲ್ಲಿ ಆಸರೆ. ಆ ತಂಡದ ಒಬ್ಬರು ಬರೆದಿದ್ದರೂ ದಾರಿ ಸಿಕ್ಕಂತೆ. ವಯೋಮಿಂಗ್‌ನ ಇಂಡಿಪೆಂಡೆನ್ಸ್ ರಾಕ್, ರಿಜಿಸ್ಟರ್ ಕ್ಲಿಫ್ ಬಂಡೆಗಳ ಮೇಲೆ ಕೆತ್ತಿದ ಹೆಸರುಗಳಿವೆ, ಆದರೆ ಬರೀ ಮೊದಲಕ್ಷರ ಮತ್ತು ವರ್ಷ ನೋಡಿ ನಿಮ್ಮವನೇ ಎನ್ನಬೇಡಿ. ಯೂಟಾದಲ್ಲಿ ನೆಲೆಸಿದ ಮಾರ್ಮನ್ ಪಂಥದವರದು ಬೇರೆ ಮಾತು. 1847ರಿಂದ ಸಾಲ್ಟ್ ಲೇಕ್‌ಗೆ ಹೋದ ತಂಡಗಳ ಪಟ್ಟಿಗಳನ್ನು ಅವರ ಚರ್ಚು ಜೋಡಿಸಿ ತೆರೆದಿಟ್ಟಿದೆ.

ಕೈಕೊಡುವ ಕೆಲವು ಸಂಗತಿಗಳು. ಸೀನಿಯರ್, ಜೂನಿಯರ್ ಎಂದರೆ ಅಪ್ಪ ಮಗ ಆಗಿರಲೇಬೇಕಿಲ್ಲ, ಒಂದೇ ಹೆಸರಿನ ಹಿರಿಯ ಕಿರಿಯ ಅಷ್ಟೇ ಇರಬಹುದು. ಸತ್ತವರ ಆಸ್ತಿ ಹಂಚಿಕೆಯ ಪ್ರೊಬೇಟ್ ಕಡತದಲ್ಲಿ ಮಕ್ಕಳನ್ನು ಅನಾಥರು ಎಂದಿದ್ದರೆ ತಾಯಿ ಸತ್ತಿದ್ದಾಳೆ ಎಂದಲ್ಲ, ತಂದೆ ತೀರಿಕೊಂಡರೆ ಸಾಕಿತ್ತು. 1880ರ ದಶಕದ ಕೌಂಟಿ ಚರಿತ್ರೆಗಳಲ್ಲಿ ಜೀವನಚರಿತ್ರೆ ಹಾಕಿಸಿಕೊಂಡವರು ಹೆಚ್ಚಾಗಿ ಚಂದಾ ಕಟ್ಟಿದವರೇ, ಅಲ್ಲಿ ಯಾರೂ ಸಾಲಗಾರರಲ್ಲ, ಯಾರೂ ಹೆಂಡತಿ ಬಿಟ್ಟು ಓಡಿಬಂದವರಲ್ಲ. ಮೂವರು ಅಣ್ಣತಮ್ಮಂದಿರು ಬಂದು ಒಬ್ಬ ಉತ್ತರಕ್ಕೆ, ಒಬ್ಬ ದಕ್ಷಿಣಕ್ಕೆ, ಒಬ್ಬ ಪಶ್ಚಿಮಕ್ಕೆ ಹೋದ ಎಂಬುದು ಪ್ರತಿ ಮನೆತನಕ್ಕೂ ಇರುವ ಕಥೆ, ಒಂದೇ ಹೆಸರಿನ ಮೂರು ಸಂಬಂಧವಿಲ್ಲದ ಮನೆಗಳನ್ನು ಹೊಲಿಯಲು ಹುಟ್ಟಿದ್ದು. ಜಾಲದ ವಂಶವೃಕ್ಷಗಳು ಒಂದನ್ನೊಂದು ನಕಲು ಮಾಡಿದವು. ನಲವತ್ತು ವೃಕ್ಷದಲ್ಲಿ ಒಂದೇ ಅಪ್ಪನ ಹೆಸರಿದ್ದರೂ ಅದು ಒಂದೇ ಸಾಕ್ಷಿ, ಅದೂ ಮೂಲ ಕಾಗದ ಇದ್ದರೆ.

ಮುಕ್ತ ಭೂಮಿ ಎಂದು ಕಡತ ಹೇಳುವ ನೆಲ ಯಾರದಾಗಿತ್ತು ಎಂಬುದನ್ನೂ ನೋಡಲೇಬೇಕು, ನ್ಯಾಯದ ದೃಷ್ಟಿಯಿಂದಲೂ, ಕಾಲ ನಿರ್ಣಯಕ್ಕೂ. ಮೂಲನಿವಾಸಿ ಜನಾಂಗದೊಂದಿಗಿನ ಒಪ್ಪಂದ ಅಥವಾ ಬಲವಂತದ ತೆರವು, ಆಮೇಲೆ ಸರ್ವೆ, ಆಮೇಲೆ ಜಮೀನು ಕಚೇರಿ ತೆರೆಯುವುದು, ಇದು ಕ್ರಮ. ಒಕ್ಲಹೋಮಾದ ಮೊದಲ ಭೂಮಿ ತೆರೆದದ್ದು 1889ರ ಏಪ್ರಿಲ್ 22ರ ಮಧ್ಯಾಹ್ನ, ಅಲ್ಲಿಯದೇ ಚೆರೋಕೀ ಔಟ್‌ಲೆಟ್ ಎಂಬ ಭೂಭಾಗ ತೆರೆದದ್ದು 1893ರ ಸೆಪ್ಟೆಂಬರ್ 16ರಂದು. ಆ ದಿನಕ್ಕಿಂತ ಐದು ವರ್ಷ ಮೊದಲೇ ಮುತ್ತಜ್ಜ ಅಲ್ಲಿ ಸ್ವಂತ ಹೊಲ ಉಳುತ್ತಿದ್ದ ಎಂಬ ಮಾತು ಮನೆಯಲ್ಲಿದ್ದರೆ, ಒಂದೋ ಆತ ಬೇರೆಯವರ ನೆಲದಲ್ಲಿ ಗೇಣಿಗೋ ಅಕ್ರಮವಾಗಿಯೋ ಕೂತಿದ್ದ, ಇಲ್ಲವೇ ಇಸವಿ ತಪ್ಪು. ಟ್ರ್ಯಾಕ್ಟ್ ಬುಕ್ಕಿನ ಆ ಸೆಕ್ಷನ್ನಿನ ಸಾಲಿನಲ್ಲಿ ಪ್ರವೇಶದ ದಿನಾಂಕ ಇರುತ್ತದೆ, ತಾಳೆ ನೋಡಿ.